ಡೆಮೋ ನೋಡಿ ಟೂಲ್ ಕೊಳ್ಳೋರಿಗೆ

ಚಿತ್ರ ಬರೀರಿ, ಕೋಡ್ ತಾನಾಗೇ ಬರುತ್ತೆ. ಮಾಡೆಲ್ ಆಧಾರಿತ ಸಾಫ್ಟ್‌ವೇರ್ ಟೂಲ್ ಮಾರೋರ ಈ ಮಂತ್ರ ನನಗೆ ಇಪ್ಪತ್ತು ವರ್ಷದಿಂದ ಬಾಯಿಪಾಠ. 2001ರಲ್ಲಿ ಒಎಂಜಿ ಸಂಸ್ಥೆ ಇದನ್ನ ಎಂಡಿಎ ಅಂತ ಕರೀತು, ಈಗ ‘ಲೋ-ಕೋಡ್’ ಅಂತ ಬರ್ತಾರೆ. ಡೆಮೋ ಮಾತ್ರ ಅದೇ... ಗ್ರಾಹಕ, ಆರ್ಡರ್, ಇನ್‌ವಾಯ್ಸ್. ಮೂರು ಡಬ್ಬಿ, ಎರಡು ಬಾಣ, ಒಂದು ಬಟನ್. ಸಾಹೇಬರು ತಲೆಯಾಡಿಸ್ತಾರೆ, ಲೈಸೆನ್ಸಿಗೆ ಸಹಿ ಬೀಳುತ್ತೆ.

ಇದಕ್ಕೆ ಮೌಲ್ಯಮಾಪನ ಅಂತೀರಾ ಸ್ವಾಮಿ? ಹೆಣ್ಣು ನೋಡೋಕೆ ಹೋಗಿ ಉಪ್ಪಿಟ್ಟು-ಕೇಸರಿಬಾತಿಗೆ ಅಂಕ ಕೊಟ್ಟು ಬಂದ ಹಾಗಾಯ್ತು!

ಟೂಲಿನ ಬಂಡವಾಳ ಗೊತ್ತಾಗೋದು ಎರಡನೇ ವರ್ಷ. ಘಾಜಿಯಾಬಾದಿನಿಂದ ದಿನಾ ನೋಯ್ಡಾಕ್ಕೆ ಓಡಾಡೋ ನಾನು ಒಂದು ಪ್ರಾಜೆಕ್ಟಿನಲ್ಲಿ ಕಂಡದ್ದು: ರಾತ್ರಿ ಹನ್ನೊಂದಕ್ಕೆ ಗ್ರಾಹಕರ ಫೋನು. ಟೂಲ್ ಉಗುಳಿದ ಕೋಡನ್ನೇ ಹುಡುಗನೊಬ್ಬ ಕೈಯಲ್ಲಿ ತಿದ್ದಿ ಕಳಿಸಿದ. ಮುಂದಿನ ವಾರ ಇನ್ನೊಬ್ಬ ಮಾಡೆಲಿನಿಂದ ಹೊಸದಾಗಿ ಕೋಡ್ ತೆಗೆದ. ತಿದ್ದಿದ್ದು ಮಾಯ, ಹಳೇ ದೋಷ ವಾಪಸ್. ಬೈಸಿಕೊಂಡವನು ಹುಡುಗ. ಟೂಲ್ ಆರಿಸಿದವರನ್ನ ಯಾರೂ ಕೇಳಲಿಲ್ಲ. ಅಲ್ಲಿಂದಾಚೆ ಮಾಡೆಲ್ ಮುಟ್ಟೋರೇ ಇಲ್ಲ, ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಆಯ್ತು ಅದು.

ಹಾಗಂತ ಈ ವಿಧಾನವೇ ಬುರುಡೆ ಅನ್ನೋ ಗುಂಪಿನವನಲ್ಲ ನಾನು. ವಾಹನಗಳ ನಿಯಂತ್ರಣ ತಂತ್ರಾಂಶದಲ್ಲಿ ಸಿಮ್ಯುಲಿಂಕ್ ಮಾಡೆಲಿನಿಂದ ಕೋಡ್ ತೆಗೆಯೋದು ಮಾಮೂಲಿ. ನಮ್ಮ ಟಿಸಿಎಸ್‌ನವರು ಪುಣೆಯಲ್ಲಿ ಮಾಸ್ಟರ್‌ಕ್ರಾಫ್ಟ್ ಕಟ್ಟಿ ತಮ್ಮದೇ ದೊಡ್ಡ ಪ್ರಾಜೆಕ್ಟುಗಳಲ್ಲಿ ಬಳಸಿದರು. ಅಲ್ಲಿ ಟೂಲ್ ಮಾಡಿದೋರು, ಬಳಸೋರು ಒಂದೇ ಮನೆಯವರು. ಸರಿಹೋಗದಿದ್ರೆ ಟೂಲನ್ನೇ ತಿದ್ದಬಹುದು. ಡಬ್ಬದಲ್ಲಿ ಕೊಂಡು ತಂದವನಿಗೆ ಆ ಭಾಗ್ಯ ಎಲ್ಲಿ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಹಚಿನ್ಸನ್ ಮತ್ತು ಜೊತೆಗಾರರು ಕಂಪನಿಗಳ ಅನುಭವ ಕೇಳಿ 2011ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ: ಸೋಲು-ಗೆಲುವು ಬರೀ ತಂತ್ರದ್ದಲ್ಲ, ಸಂಸ್ಥೆ ನಡೆಯೋ ರೀತಿಯದ್ದು, ಜನರದ್ದು.

ಆದ್ದರಿಂದ ಮಾರೋರ ಉದಾಹರಣೆ ಬದಿಗಿಡಿ. ನಿಮ್ಮದೇ ಹಳೇ, ಯಾರೂ ಮುಟ್ಟಲು ಹೆದರೋ ಮಾಡ್ಯೂಲ್ ಒಂದನ್ನ ಕೊಡಿ. ಒಂದೇ ಮಾಡೆಲನ್ನ ಇಬ್ಬರ ಕೈಲಿ ಒಂದೇ ದಿನ ಬದಲಾಯಿಸಿ, ಎರಡನ್ನೂ ಸೇರಿಸೋಕೆ ಹೇಳಿ. ನಾಳೆ ಲೈಸೆನ್ಸ್ ಮುಗೀತು ಅಂತಿಟ್ಟುಕೊಂಡು ಮಾಡೆಲ್ ಹೊರಗೆ ತೆಗೆಯೋಕಾಗುತ್ತಾ ನೋಡಿ. ಅಂಕ ಹಾಕೋ ಪೆನ್ನು ರಾತ್ರಿ ಫೋನ್ ಎತ್ತೋ ಹುಡುಗನ ಕೈಲಿರಲಿ. ಮಾರೋಕೆ ಬಂದೋರು ಇದಕ್ಕೆ ಒಪ್ಪದಿದ್ರೆ, ಒಂದು ಟೀ ಕುಡಿಸಿ ಕಳಿಸಿಬಿಡಿ.