ಹವಳದ ಬಣ್ಣ ಹತ್ತಿಗೆ ಬಂತು!

ಮೊನ್ನೆ ನಮ್ಮ ಅತ್ತಿಗೆ ಬೈಲುಕುಪ್ಪೆಗೆ ಹೋಗಿದ್ದರು. ಗೋಲ್ಡನ್ ಟೆಂಪಲ್ ನೋಡಿ ಬರುವಾಗ ರಸ್ತೆ ಬದಿಯಲ್ಲಿ ಒಂದು ಉಂಗುರ ಕೊಂಡರು. ನಡುವೆ ಕೆಂಪು ಹವಳ, ಸುತ್ತ ನೀಲಿ ಪಿರೋಜ. 'ಟಿಬೆಟನ್ ಸಿಲ್ವರ್, ಕೈಕೆಲಸ' ಅಂದರಂತೆ. ಜ್ಯೋತಿಷಿಗಳು ಕುಜದೋಷಕ್ಕೆ ಹವಳ ಹಾಕಿಕೊಳ್ಳಿ ಅಂದಿದ್ದರು. 1,200 ರೂಪಾಯಿ ಎಣಿಸಿಕೊಟ್ಟರು. ಬಿಲ್ಲು? ಅದ್ಯಾಕೆ ಅಂತ ಇವರೂ ಕೇಳಲಿಲ್ಲ, ಅವರೂ ಕೊಡಲಿಲ್ಲ.

ತಿಂಗಳು ತುಂಬೋದರೊಳಗೆ ಬೆರಳಿನ ಸುತ್ತ ಹಸಿರು ಪಟ್ಟಿ. ಉಗುರು ಬಣ್ಣ ಅಳಿಸುವ ದ್ರಾವಣದಲ್ಲಿ ಹತ್ತಿ ಅದ್ದಿ ಉಜ್ಜಿದರೆ ಹವಳ ಹತ್ತಿಗೆ ಬಂತು! ನಮ್ಮ ಪೇಟೆಯ ಅಕ್ಕಸಾಲಿ ಒರೆಗೆ ಹಚ್ಚಿ ನಕ್ಕರು: 'ಇದು ಜರ್ಮನ್ ಸಿಲ್ವರ್ ಸ್ವಾಮಿ.' ತಾಮ್ರ, ಸತು, ನಿಕಲ್ಲು ಸೇರಿದ ಲೋಹ. ಬೆಳ್ಳಿ ಹೆಸರಿನಲ್ಲಿ ಮಾತ್ರ.

ಅಸಲಿ ಉಂಗುರದ ಕಥೆ ಬೇರೆ. ಟಿಬೆಟ್ಟಿಗೆ ಸಮುದ್ರವೇ ಇಲ್ಲ. ಅಲ್ಲಿಗೆ ಹವಳ ಬಂದದ್ದು ದೂರದ ಮೆಡಿಟರೇನಿಯನ್ ಕಡಲಿನಿಂದ, ವರ್ತಕರ ಗಂಟಿನಲ್ಲಿ. ಪಿರೋಜಕ್ಕೆ ಇರಾನಿನ ನಿಶಾಪುರ ಶತಮಾನಗಳಿಂದ ಹೆಸರುವಾಸಿ. ನೇಪಾಳದ ಪಾಟನ್ನಿನ ನೇವಾರ ಕುಶಲಕರ್ಮಿಗಳು ಲಾಸಾಕ್ಕೇ ಹೋಗಿ ಕೆಲಸ ಮಾಡುತ್ತಿದ್ದರು. ಅಂಥ ಆಭರಣ ಅಲ್ಲಿನ ಹೆಂಗಸರಿಗೆ ಬರೀ ಅಲಂಕಾರವಲ್ಲ, ಮನೆಯ ಆಸ್ತಿ. ಈಗ ಬಿಳಿಯ ಹೌಲೈಟ್ ಕಲ್ಲಿಗೆ ನೀಲಿ ಬಣ್ಣ ಕುಡಿಸಿದರೆ ಪಿರೋಜ. ಬಿದಿರು ಹವಳಕ್ಕೆ ಕೆಂಪು ಕುಡಿಸಿದರೆ ಕೆಂಪು ಹವಳ!

ಒಂದು ಮಾತು ಸ್ಪಷ್ಟವಾಗಿರಲಿ. 1960-61ರಲ್ಲಿ ಮೈಸೂರು ರಾಜ್ಯ ಕೊಟ್ಟ ಕಾಡುಜಾಗದಲ್ಲಿ ಬೆವರು ಸುರಿಸಿ ಊರು ಕಟ್ಟಿದ ಜನ ಅವರು. ಅವರನ್ನೆಲ್ಲ ಮೋಸಗಾರರೆಂದರೆ ನಾಲಿಗೆ ಬೀಳುತ್ತೆ. ಉಂಗುರ ಮಾರಿದವರು ಯಾವ ಊರಿನವರೋ ಅತ್ತಿಗೆಗೂ ನೆನಪಿಲ್ಲ. ನಮ್ಮ ಜಾತ್ರೆ ಬೀದಿಯಲ್ಲೂ ಇದೇ ಮಾಲು ಸಿಗುತ್ತೆ. ಬಣ್ಣದ ಕಲ್ಲು ಮಾರೋದೂ ಪಾಪವಲ್ಲ. ಬಣ್ಣದ್ದು ಅಂತ ಹೇಳಿ ಮಾರಲಿ. ಇನ್ನೂರಕ್ಕೆ ಕೊಟ್ಟರೆ ಯಾರ ತಕರಾರೂ ಇಲ್ಲ.

ನಿಜವಾದ ಪೆಟ್ಟು ಬೀಳೋದು ಪ್ರಾಮಾಣಿಕ ಕೆಲಸಗಾರನಿಗೆ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದೂವರೆ ಲಕ್ಷ ದಾಟಿತು. ಅಸಲಿ ಬೆಳ್ಳಿ, ಅಸಲಿ ಕಲ್ಲು ಇಟ್ಟವನು ಈ ನಕಲಿಯ ಮುಂದೆ ಹೇಗೆ ನಿಲ್ಲಬೇಕು? 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರಕ್ಷರದ ಹಾಲ್‌ಮಾರ್ಕ್ ಗುರುತು ಬಂತು. ಆದರೆ ಚಿನ್ನಕ್ಕೆ ಮಾಡಿದಂತೆ ಕಡ್ಡಾಯ ಮಾಡಲಿಲ್ಲ. ಬರೀ '925' ಎಂಬ ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು.

ಅಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಪ್ರವಾಸಿ ತಾಣದ ಅಂಗಡಿಗಳ ಮೆಟ್ಟಿಲು ಹತ್ತಲಿ. ಯಾವ ಲೋಹ, ಯಾವ ಕಲ್ಲು, ಎಷ್ಟು ಗ್ರಾಂ ಎಂದು ಪ್ರತಿ ಬಿಲ್ಲಿನಲ್ಲೂ ಬರೆಸಲಿ. ನಾವೂ ಅಷ್ಟೇ, ಬಿಲ್ಲು ಕೇಳೋಕೆ ನಾಚಿಕೆ ಯಾಕೆ?

ಅತ್ತಿಗೆಯ ಕುಜದೋಷ ಹೋಯಿತೋ ಇಲ್ಲವೋ, 1,200 ರೂಪಾಯಂತೂ ಹೋಯಿತು.