ಬಾದಾಮಿ ಬಂಡೆಯ ಬೋಲ್ಟ್: ಹತ್ತುವವರು ಬಹಳ, ನೋಡಿಕೊಳ್ಳುವವರು ಯಾರು?

ಬಾದಾಮಿ: ಮಳೆ ನಿಂತು ಚಳಿ ಶುರುವಾದ್ರ ಸಾಕು, ಊರಿನ ಕೆಂಪು ಬಂಡೆಗಳ ಬುಡದಾಗ ಹಗ್ಗ, ಹೆಲ್ಮೆಟ್ ಹಿಡಿದ ಹುಡುಗ-ಹುಡುಗಿಯರು ಕಾಣಿಸ್ತಾರ. ನೋಡಿದವರ ಪ್ರಶ್ನೆ ಒಂದೇ: ಬಿದ್ರ ಏನು ಗತಿ? ಇದಕ್ಕೆ ಉತ್ತರ ಬಂಡೆಯೊಳಗೆ ಕೂತಿರುವ ಬೋಲ್ಟ್‌ನಲ್ಲಿದೆ. ಅದೇ ಬೋಲ್ಟ್ ಮೇಲೆ ನಮ್ಮ ಲಾಡ್ಜ್, ಖಾನಾವಳಿಗಳ ಒಂದಿಷ್ಟು ವ್ಯಾಪಾರವೂ ನಿಂತಿದೆ.

ಲೀಡ್ ಅಂದ್ರ ಏನು?

ಇಲ್ಲಿ ಮೇಲಿಂದ ಹಗ್ಗ ಇಳಿಬಿಟ್ಟಿರುವುದಿಲ್ಲ. ಮುಂದೆ ಹತ್ತುವವರು ಹಗ್ಗದ ತುದಿಯನ್ನು ಸೊಂಟದ ಹಾರ್ನೆಸ್‌ಗೆ ಕಟ್ಟಿಕೊಂಡು ಕೆಳಗಿನಿಂದಲೇ ಒಯ್ಯಬೇಕು. ದಾರಿಯಲ್ಲಿ ಸಿಗುವ ಪ್ರತಿ ಬೋಲ್ಟ್‌ಗೆ ಕ್ವಿಕ್‌ಡ್ರಾ ಎಂಬ ಕೊಂಡಿ ಹಾಕಿ, ಅದರೊಳಗೆ ಹಗ್ಗ ಸೇರಿಸುತ್ತಾ ಮೇಲೇರಬೇಕು. ಕೆಳಗೆ ನಿಂತ ಜೊತೆಗಾರ ಹಗ್ಗ ಬಿಡುತ್ತಾನೆ, ಬಿದ್ರ ತಡೀತಾನ.

ಬೋಲ್ಟ್ ದಾಟಿ 2 ಮೀಟರ್ ಮೇಲೆ ಹೋದಾಗ ಕೈ ಜಾರಿದ್ರ, ಬೀಳೋದು ಕನಿಷ್ಠ 4 ಮೀಟರ್. ಹಗ್ಗದ ಸಡಿಲ, ಹಿಗ್ಗು ಸೇರಿದ್ರ ಇನ್ನೂ ಜಾಸ್ತಿ. ಅದಕ್ಕೇ ಕೆಳಗಿನ ಮೊದಲ ಎರಡು ಬೋಲ್ಟ್‌ಗಳ ನಡುವೆ ಬಿದ್ದರೆ ನೆಲಕ್ಕೆ ಬಡಿಯುವ ಭಯ.

ಬಾದಾಮಿಯ 'ಗಣೇಶ' ಎಂಬ ಮಾರ್ಗ ದೇಶದ ಕಠಿಣ ಮಾರ್ಗಗಳ ಸಾಲಿನಲ್ಲಿದೆ, ದರ್ಜೆ 8ಬಿ ಪ್ಲಸ್. ಆದರೆ ಅದನ್ನು ಹತ್ತುವ ತಾಕತ್ತು ಇರೋದು ಕೆಲವರಿಗೆ ಮಾತ್ರ. ಹೆಚ್ಚಿನವರು ಹತ್ತೋದು 5, 6ಎ ದರ್ಜೆಯ ಮಧ್ಯಮ ಮಾರ್ಗಗಳನ್ನ. ಹೊಸಬರು ಲೀಡ್ ಕಲಿಯೋದೂ ಇಂಥವುಗಳ ಮೇಲೆ. ಅಂದ್ರ ಹೆಚ್ಚು ಬೀಳುವವರು ಇರುವ ಕಡೆಯೇ ಬೋಲ್ಟ್ ಹೆಚ್ಚು ಗಟ್ಟಿ ಇರಬೇಕು.

ಕಾಂಕ್ರೀಟ್ ಬ್ಯಾರೆ, ಮರಳುಗಲ್ಲು ಬ್ಯಾರೆ

ಯುರೋಪಿನ ಇಎನ್ 959 ಮಾನದಂಡದಂತೆ ಬೋಲ್ಟ್ ಅಡ್ಡ ಎಳೆತಕ್ಕೆ 25 ಕಿಲೋನ್ಯೂಟನ್, ಅಂದರೆ ಸುಮಾರು ಎರಡೂವರೆ ಟನ್ ಭಾರ ತಡೆಯಬೇಕು. ಆದರೆ ಆ ಪರೀಕ್ಷೆ ನಡೆಯೋದು ಕಾಂಕ್ರೀಟ್ ಬ್ಲಾಕ್‌ನಲ್ಲಿ. ನಮ್ಮದು ಮರಳುಗಲ್ಲು, ಎಲ್ಲಾ ಕಡೆ ಒಂದೇ ಗಟ್ಟಿ ಇರೋದಿಲ್ಲ. ನೀರು ಹೀರಿದ ಮರಳುಗಲ್ಲು ಬಲ ಕಳಕೊಳ್ಳುತ್ತದೆ. ಅದಕ್ಕೇ ಮಳೆ ಬಂದ ಮೇಲೆ ಬಂಡೆ ಒಣಗುವ ತನಕ ಹತ್ತಬಾರದು ಅನ್ನೋದು ಎಲ್ಲಾ ಕಡೆಯ ನಿಯಮ. ಬೋಲ್ಟ್ ತುಕ್ಕು ಹಿಡಿದಿದೆಯಾ, ನಟ್ ಸಡಿಲಾಗಿದೆಯಾ ಅಂತ ಕಣ್ಣಿಗೆ ಕಾಣಬಹುದು. ಬಂಡೆಯ ಒಳಗಿನ ಸ್ಥಿತಿ ಕಾಣೋದಿಲ್ಲ.

ದೇಶ-ವಿದೇಶದ ಆರೋಹಿಗಳು ಬಂದು ಬೋಲ್ಟ್ ಹಾಕಿದ್ದಾರೆ, ವಾಪಸ್ ಹೋಗಿದ್ದಾರೆ. ಯಾವ ವರ್ಷ ಹಾಕಿದ್ದು, ಕೊನೆಗೆ ತಪಾಸಣೆ ಆಗಿದ್ದು ಯಾವಾಗ ಅಂತ ಬೋಲ್ಟ್ ಹೇಳೋದಿಲ್ಲ. ಬುಡದಾಗ ನಿಂತ ಹೊಸ ಹುಡುಗ ಅದನ್ನ ನಂಬಿಯೇ ಹತ್ತಬೇಕು.

ನಮಗೇನು ಸಂಬಂಧ?

ಗುಹೆ ನೋಡುವ ಪ್ರವಾಸಿಗರಲ್ಲಿ ಬಹಳ ಮಂದಿ ಅರ್ಧ ದಿನದಾಗ ಪಟ್ಟದಕಲ್ಲು, ಐಹೊಳೆ ಕಡೆ ಗಾಡಿ ತಿರುಗಿಸ್ತಾರ. ಬಂಡೆ ಹತ್ತುವವರು ಹಂಗಲ್ಲ. ದಿನಗಟ್ಟಲೆ, ಕೆಲವರು ವಾರಗಟ್ಟಲೆ ಉಳೀತಾರ. ರೂಮ್, ರೊಟ್ಟಿ ಊಟ, ಚಹಾ, ಬಾಳೆಹಣ್ಣು, ಆಟೋ ಎಲ್ಲಾ ಇಲ್ಲೇ. ಒಂದು ಬೋಲ್ಟ್ ಕಿತ್ತು ಅನಾಹುತ ಆದ್ರ ಒಂದು ಜೀವದ ಪ್ರಶ್ನೆ; ಆಮೇಲೆ ಬಂಡೆಗೆ ನಿಷೇಧದ ಬೋರ್ಡ್ ಬೀಳಬಹುದು, ಸೀಸನ್ ವ್ಯಾಪಾರವೂ ಹೋಗಬಹುದು.

ಇನ್ನೊಂದು ಕಡೆಯ ವಾದವೂ ಸರಿ ಇದೆ: ಇದು ಚಾಲುಕ್ಯರ ಊರು. ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಸ್ಮಾರಕದ ಬಂಡೆಗೆ ಡ್ರಿಲ್ ಮುಟ್ಟಿಸುವ ಮಾತೇ ಬೇಡ. ಎಲ್ಲಿ ಹತ್ತಬಹುದು, ಎಲ್ಲಿ ಕೂಡದು ಅನ್ನೋ ಗಡಿ ಪುರಾತತ್ವ ಇಲಾಖೆಯೇ ಸ್ಪಷ್ಟವಾಗಿ ಹಾಕಲಿ.

ಗಡಿ ಹಾಕಿದ ಮೇಲೆ ಬೇಕಾದ್ದು ದೊಡ್ಡ ಯೋಜನೆ ಅಲ್ಲ. ಪ್ರತಿ ಮಾರ್ಗಕ್ಕೆ ಒಂದು ನಂಬರ್, ಬೋಲ್ಟ್ ಹಾಕಿದ ವರ್ಷ, ತಪಾಸಣೆ ದಿನಾಂಕ ಇರುವ ಒಂದು ದಾಖಲೆ ಪುಸ್ತಕ. ತಪಾಸಣೆ ಮಾಡಲು ತರಬೇತಿ ಪಡೆದ ನಾಲ್ಕೈದು ಸ್ಥಳೀಯ ಹುಡುಗರು, ಅವರಿಗೆ ಕೂಲಿ. ಖರ್ಚಿಗೆ ಹತ್ತುವವರಿಂದ ಸಣ್ಣ ಶುಲ್ಕ ತಗೊಳ್ಳಲಿ. ಆ ದುಡ್ಡು ಬೋಲ್ಟ್‌ಗೇ ಹೋಗಲಿ. ಪುರಸಭೆ, ಪ್ರವಾಸೋದ್ಯಮ ಇಲಾಖೆ, ಲಾಡ್ಜ್ ಮಾಲೀಕರು ಮುಂದಿನ ಸೀಸನ್‌ಗೂ ಮೊದಲು ಒಂದು ಸಾರಿ ಕೂತು ಮಾತಾಡಿದ್ರ ಈ ಕೆಲಸ ಶುರು ಮಾಡಬಹುದು.