ಜೀಪು ಸೋರೋದು ಸಹಜವಂತೆ!

"ಜೀಪು ಎಣ್ಣೆ ಸೋರಿಸ್ತಿಲ್ಲ ಅಂದ್ರೆ ಒಳಗೆ ಎಣ್ಣೆನೇ ಇಲ್ಲ ಅಂತ ಅರ್ಥ." ಈ ಜೋಕು ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟುಗಳಲ್ಲೂ ಉಂಟು, ಇಲ್ಲಿ ಕಾಶಿಯ ಗ್ಯಾರೇಜುಗಳಲ್ಲೂ ಉಂಟು. ಭಾಷೆ ಬೇರೆ, ಅಷ್ಟೆ. ನನಗಂತೂ ಇದನ್ನ ಕೇಳಿದಾಗೆಲ್ಲ ಮೈ ಉರಿಯುತ್ತೆ. ನಕ್ಕು ಸುಮ್ಮನಾಗೋಕೆ ಇದೊಂದು ನೆಪ ಆಗಿಬಿಟ್ಟಿದೆ ಅಂತ ನನ್ನ ಅನಿಸಿಕೆ.

ಇಲ್ಲಿನ ಗೆಳೆಯರೊಬ್ಬರ ಹತ್ರ ಮಹೀಂದ್ರದ ಹಳೇ ಸಿಜೆ 3ಬಿ ಇದೆ. 3 ಗೇರಿನ ಟಿ-90 ಗೇರ್‌ಬಾಕ್ಸು, ಅದರ ಬೆನ್ನಿಗೆ ಅಂಟಿಕೊಂಡ ಡಾನಾ 18 ಟ್ರಾನ್ಸ್‌ಫರ್ ಕೇಸು. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚೋದು ಈ ಪೆಟ್ಟಿಗೆಯೇ. ಜಿ.ಟಿ. ರೋಡಿನ ಬದಿಯ ಒಂದು ಗ್ಯಾರೇಜಿನಲ್ಲಿ ಇದರ ಹಿಂದಿನ ಆಯಿಲ್ ಸೀಲನ್ನ ಒಂದೇ ಮಳೆಗಾಲದಲ್ಲಿ ಎರಡು ಸಲ ಬದಲಾಯಿಸಿದ್ರು. ಹದಿನೈದು ದಿನಕ್ಕೆ ಮತ್ತೆ ಹನಿ ಹನಿ. ಕೇಳಿದ್ರೆ, "ಹೋ ಜಾಯೇಗಾ ಗುರು!" (ಬನಾರಸಿನಲ್ಲಿ ಎಲ್ಲರೂ ಗುರುಗಳೇ, ದುಡ್ಡು ಕೊಡೋರಂತೂ ಜಗದ್ಗುರುಗಳು.)

ಒಂದೆರಡು ಹನಿ ಸೋರಿದ್ರೆ ಏನಂತೆ ಅಂತೀರಾ? ಈ ಜೀಪಿನ ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ ಸ್ವಾಮಿ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗೋ ಜಾಗದಲ್ಲೇ ಅದರ ಡ್ರಮ್ ಇರೋದು. ಹಿಂದಿನ ಸೀಲು ಸೋರಿದ್ರೆ ಎಣ್ಣೆ ನೇರ ಬ್ರೇಕ್ ಲೈನಿಂಗಿಗೆ. ಆಮೇಲೆ ಹ್ಯಾಂಡ್‌ಬ್ರೇಕ್ ಎಷ್ಟು ಎಳೆದರೂ ಅಷ್ಟೆ. ಮಲೆನಾಡಿನ ಏರಿನಲ್ಲಿ ಮೂಟೆ ತುಂಬಿ ನಿಲ್ಲಿಸೋರಿಗೆ ಇದರ ಬೆಲೆ ಗೊತ್ತು. ಕಾಶಿ ಬಯಲು ಸೀಮೆ, ಇಳಿಜಾರು ಎಲ್ಲಿದೆ ಅನ್ನಬೇಡಿ. ಊರು ಕೂತಿರೋದೇ ಎತ್ತರದ ದಂಡೆ ಮೇಲೆ; ಗಂಗೆ ಕಡೆ ಇಳಿಯೋ ರಸ್ತೆಗಳಲ್ಲಿ ಗಾಡಿ ನಿಲ್ಲಿಸಿ ನೋಡಿ, ಗೊತ್ತಾಗುತ್ತೆ. ಕೆಳಗೆ ಯಾರದೋ ಮಕ್ಕಳು ಗಾಳಿಪಟ ಹಾರಿಸ್ತಾ ಇರ್ತಾವೆ.

ಕೊನೆಗೆ ಒಂದು ಭಾನುವಾರ ನಾವಿಬ್ಬರೇ ಚಾಪೆ ಹಾಸಿ ಕೆಳಗೆ ಮಲಗಿದ್ವಿ. ಮೊದಲು ಇದು ಯಾವ ಎಣ್ಣೆ ಅನ್ನೋದು ತಿಳೀಬೇಕು. ಗೇರ್ ಆಯಿಲ್ ಮಂದ, ಗಂಧಕದ ನಾತ ಹೊಡೆಯುತ್ತೆ, ಒಮ್ಮೆ ಮೂಸಿದರೆ ಜನ್ಮದಲ್ಲಿ ಮರೆಯಲ್ಲ. ಎಂಜಿನ್ ಆಯಿಲಿಗೆ ಆ ವಾಸನೆ ಇರಲ್ಲ. ಬ್ರೇಕ್ ಆಯಿಲ್ ತೆಳು, ಬಣ್ಣ ತಿನ್ನುತ್ತೆ. ಆಮೇಲೆ ಸೀಮೆಎಣ್ಣೆ, ಬ್ರಷ್ ಹಿಡಿದು ವರ್ಷಗಳ ಜಿಡ್ಡು ಕೆರೆಯೋದು. ಅರ್ಧ ಕೆಲಸ ಇದೇ, ಇದನ್ನೇ ಯಾರೂ ಮಾಡಲ್ಲ. ಒರೆಸಿ ಒಣಗಿಸಿ, ಮೇಲೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದ್ವಿ. ಓಡುವಾಗ ಗಾಳಿ ಎಣ್ಣೆಯನ್ನ ಹಿಂದಕ್ಕೆ ತಳ್ಳುತ್ತೆ, ನಿಂತಾಗ ಅದು ಕೆಳಕ್ಕಿಳಿಯುತ್ತೆ. ಹಾಗಾಗಿ ಹನಿ ಬಿದ್ದ ಜಾಗ ನೋಡಬಾರದು. ಪೌಡರ್ ಒದ್ದೆಯಾದ ಕಡೆಗಳಲ್ಲಿ ಎಲ್ಲಕ್ಕಿಂತ ಮುಂದಿನದು, ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ಹುಡುಕಬೇಕು.

ಒದ್ದೆ ಇದ್ದದ್ದು ಹಿಂದಿನ ಸೀಲಿನ ಹತ್ರಾನೇ. ಅಲ್ಲಿಗೆ ಗ್ಯಾರೇಜಿನೋರು ಹೇಳಿದ ಜಾಗ ಸರಿ. ಆದ್ರೆ ಹೊಸ ಸೀಲು ಯಾಕೆ ಸೋರ್ತಿದೆ? ಬಿಚ್ಚಿ ನೋಡಿದ್ರೆ ಸೀಲಿನ ತುಟಿ ಉಜ್ಜೋ ಯೋಕಿನ ಕತ್ತಿನ ಸುತ್ತ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಇಷ್ಟು ವರ್ಷ ರಬ್ಬರು ಉಕ್ಕನ್ನೇ ಸವೆಸಿದೆ. ಆ ಗೀರಿನ ಮೇಲೆ ಎಷ್ಟು ಹೊಸ ಸೀಲು ಕೂರಿಸಿದರೂ ವ್ಯರ್ಥ. ಲೇತ್‌ನವರ ಹತ್ರ ಹೋಗಿ ತೆಳು ಸ್ಲೀವ್ ಕೂರಿಸಿಕೊಂಡು ಬರಬೇಕು, ಇಲ್ಲಾ ಯೋಕೇ ಹೊಸದು ಹಾಕಬೇಕು.

ಇನ್ನೊಂದು ಕಳ್ಳ ಮುಂದಿನ ಬೇರಿಂಗ್ ಕ್ಯಾಪಿನ ಮೇಲೆ ಕೂತಿತ್ತು. ಬ್ರೀದರ್! ಬೆರಳ ತುದಿಯಷ್ಟಿರೋ ಉಸಿರುಗಂಡಿ, ಮಣ್ಣು ಮೆತ್ತಿ ಕಲ್ಲಾಗಿತ್ತು. ಗಾಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತೆ, ದಾರಿ ಇಲ್ಲದೆ ಸೀಲಿನಲ್ಲೇ ಎಣ್ಣೆಯನ್ನ ಹೊರಗೆ ದೂಡುತ್ತೆ. ಇದರ ಉಲ್ಟಾ ಇನ್ನೂ ಅಪಾಯ. 1978ರ ಸೆಪ್ಟೆಂಬರಿನಲ್ಲಿ ಗಂಗೆ ಇಲ್ಲಿ 73.901 ಮೀಟರಿಗೆ ಏರಿದ್ದಳು, ಅಪಾಯದ ಮಟ್ಟ 71.262. ಅಷ್ಟಿಲ್ಲದಿದ್ದರೂ ನೆರೆ ಬಂದಾಗ ನಗವಾ, ಸಾಮ್ನೆ ಘಾಟ್ ಕಡೆ, ವರುಣಾ ದಂಡೆಯಲ್ಲಿ ರಸ್ತೆಗೆ ನೀರು ಬರುತ್ತೆ. ಆಗ ನೆನಪಾಗೋದೇ ಜೀಪು. ಬಿಸಿ ಪೆಟ್ಟಿಗೆ ತಣ್ಣೀರಿಗಿಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಸೀಲಿನಿಂದ ನೀರು ಎಳಕೊಳ್ಳುತ್ತೆ. ಎಣ್ಣೆ ಹಾಲು ಬೆರೆಸಿದ ಹಾಗಾದ್ರೆ ನೀರು ಹೋಗಿದೆ ಅಂತ ತಿಳೀರಿ. ಡಾನಾ 18 ಹಿಡಿಯೋದೇ ಒಂದೂವರೆ ಲೀಟರಿನ ಆಸುಪಾಸು. ಅದೂ ಕೆಟ್ಟರೆ ಬೇರಿಂಗಿಗೆ ದಿಕ್ಕಿಲ್ಲ.

ಇಷ್ಟಾಗಿ ನಾನು ಮಿಸ್ತ್ರಿಯನ್ನ ಬೈಯೋಕೆ ಬಂದಿಲ್ಲ. ಸೀಲಿಗೆ ಎಷ್ಟು, ಬಿಚ್ಚಿ ಹಾಕೋಕೆ ಎಷ್ಟು ಅಂತ ಕೇಳ್ತೀವಿ, ಅದರಲ್ಲೂ ಚೌಕಾಸಿ. "ಎರಡು ತಾಸು ಸುಮ್ಮನೆ ನೋಡಿದೆ, ಅದಕ್ಕೆ ದುಡ್ಡು ಕೊಡಿ" ಅಂದ್ರೆ ಕೊಡ್ತೀವಾ? ಡಾಕ್ಟರು ನಾಡಿ ಹಿಡಿದ್ರೆ ಫೀಸು ಕೊಡೋ ನಾವು, ಜೀಪಿನ ಅಡಿ ಮಲಗಿ ನೋಡೋನಿಗೆ ಮಾತ್ರ ಬಿಡಿಭಾಗ ಮಾರಿಯೇ ಹೊಟ್ಟೆ ಹೊರಕೋ ಅಂತೀವಿ. ಅವನು ಸೀಲ್ ಮಾರದೆ ಇನ್ನೇನು ಮಾಡ್ತಾನೆ? ನನ್ನ ಕೇಳಿದ್ರೆ ನೋಡೋ ಕೆಲಸಕ್ಕೇ ಮೊದಲು ರೇಟು ಮಾತಾಡಿ. ತೊಳೆದು, ಪೌಡರ್ ಹಾಕಿ, ಓಡಿಸಿ ನೋಡಿ ಹೇಳಪ್ಪಾ, ಇಷ್ಟು ಕೊಡ್ತೀನಿ ಅನ್ನಿ. ಎರಡು ಸಲ ಸೀಲ್ ಹಾಕಿಸೋದಕ್ಕಿಂತ ಇದೇ ಅಗ್ಗ.

ಅಂದ ಹಾಗೆ ಎಣ್ಣೆ ತುಂಬೋವಾಗ ಡಬ್ಬಿ ಮೇಲಿನ ಅಕ್ಷರ ಓದಿ. ಜಿಎಲ್-5ರಲ್ಲಿರೋ ಗಂಧಕದ ಅಂಶ ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನ ತಿನ್ನಬಹುದು. ಟಿ-90ಗೆ ಜಿಎಲ್-4ರ 90 ನಂಬರೇ ಕ್ಷೇಮ.

ಸ್ಲೀವ್ ಕೂರಿಸಿ, ಬ್ರೀದರ್ ತೊಳೆದ ಮೇಲೆ ಹಿಂದಿನ ಪೌಡರ್ ಒಣಗೇ ಇದೆ. ಹ್ಯಾಂಡ್‌ಬ್ರೇಕಿಗೆ ಹೊಸ ಲೈನಿಂಗ್ ಹಾಕಿಸಿದ್ದಾರೆ. ಈಗ ಮುಂದಿನ ಎಡ ಚಕ್ರದ ಒಳಬದಿಯಲ್ಲಿ, ಸ್ಟೀರಿಂಗ್ ತಿರುಗೋ ಆ ಗುಂಡಿನ ಹತ್ರ, ಒಂದು ಜಿಡ್ಡಿನ ಗೆರೆ ಕಾಣ್ತಿದೆ. ಆಕ್ಸಲ್ ಸೀಲಿರಬಹುದು, ಇಲ್ಲದೆಯೂ ಇರಬಹುದು. ಪೌಡರ್ ಡಬ್ಬಿ ಇನ್ನೂ ಅರ್ಧ ಉಳಿದಿದೆ.